ಕೇಳದೇ ಆಡಿಸಿದ ತಲೆ

ನನ್ನ ಎಡಗಿವಿಯ ಯಂತ್ರಕ್ಕೆ ಈಗಲೂ ಒಣ ಸಿಗಡಿಯ ವಾಸನೆ ಇದೆಯೆಂದು ನಮ್ಮ ಮನೆಯವರು ದೂರುತ್ತಾರೆ. ನನಗೆ ಬರುವುದಿಲ್ಲ. ಅಂಕೋಲೆಯ ಶೆಟಗೇರಿಯಲ್ಲಿ ಹುಟ್ಟಿ ಬೆಳೆದವಳಿಗೆ ಒಣ ಮೀನಿನದು ವಾಸನೆ ಎಂದು ಅನ್ನಿಸುವುದೇ ಇಲ್ಲ. ಯಾರೋ ಅಡುಗೆಗೆ ಕೈ ಹಾಕಿದ್ದಾರೆ ಅನ್ನಿಸುತ್ತದೆ, ಅಷ್ಟೆ. ಅವರೋ ಧಾರವಾಡದವರು, ಎಣ್ಣೆಗಾಯಿ ತಿಂದು ಬೆಳೆದವರು. ನನ್ನನ್ನು ಮದುವೆಯಾಗಿ ಮೂವತ್ತೈದು ವರ್ಷವಾದರೂ ಅವರ ಮೂಗು ಪಳಗಿಲ್ಲ. ಮೊನ್ನೆ ಚಹಾ ಕುಡಿಯುತ್ತ ಮತ್ತೆ ಅದೇ ಮಾತು ತೆಗೆದರು. ನಾನು ಯಂತ್ರವನ್ನು ಕಿವಿಯಿಂದ ತೆಗೆದು ಮೂಗಿನ ಹತ್ತಿರ ಹಿಡಿದು ನೋಡಿದೆ. ವಾಸನೆಯೇನೋ ಬರಲಿಲ್ಲ, ಕಾರವಾರದ ಒಂದು ಭಾನುವಾರ ಮಾತ್ರ ಇಡಿಯಾಗಿ ನೆನಪಿಗೆ ಬಂತು. ಹೇಳಿಕೊಳ್ಳಲು ಹೆಮ್ಮೆಯ ಸಂಗತಿಯಲ್ಲ. ಆದರೂ ನಿಮ್ಮ ಹತ್ತಿರ ಮುಚ್ಚಿಡುವುದೇನಿದೆ.

ನನಗೆ ಕಿವುಡು ಬಂದದ್ದು ನನ್ನ ಗೆಳತಿಯರಿಗೆಲ್ಲ ದೊಡ್ಡ ತಮಾಷೆ. ಯಾಕೆಂದರೆ ಇಪ್ಪತ್ತೆರಡನೇ ವಯಸ್ಸಿನಿಂದ ನಾನು ಕಿವಿಯಿಂದಲೇ ಅನ್ನ ದುಡಿದವಳು. ಮೊದಲು ಅಂಕೋಲೆಯ, ಆಮೇಲೆ ಕಾರವಾರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಈ ತೂತಿನ ದಾರ ಆ ತೂತಿಗೆ ಚುಚ್ಚಿ ಟ್ರಂಕ್ ಕಾಲ್ ಜೋಡಿಸುವ ಕೆಲಸ. ಇಬ್ಬರು ಮಾತಾಡುವಾಗ ನಡುವೆ ಕೇಳಬಾರದೆಂದು ನಿಯಮವಿತ್ತು. ಕೇಳದೇ ಇರುವುದು ಹೇಗೆ ಎಂದು ಮಾತ್ರ ಯಾರೂ ಕಲಿಸಿರಲಿಲ್ಲ. ಅಂಕೋಲೆಯ ಬಂಗಡೆ ಮೀನು ಗೋವೆಯಲ್ಲಿ ಎಷ್ಟಕ್ಕೆ ಹೋಯಿತು ಎನ್ನುವುದು ಮೀನುಪೇಟೆಗಿಂತ ಮೊದಲು ನನ್ನ ಹೆತ್ತ ಆಯಿಗೆ ಶೆಟಗೇರಿಯಲ್ಲಿ ಗೊತ್ತಾಗುತ್ತಿತ್ತು. ಬುಟ್ಟಿ ಹೊತ್ತು ಬರುವ ಮೀನಿನ ಹೆಂಗಸು ಬಾಯಿ ತೆರೆಯುವ ಮೊದಲೇ ಆಯಿ ದರ ಹೇಳಿ ಅವಳನ್ನು ದಂಗುಬಡಿಸುತ್ತಿದ್ದಳು.

ಅಂಥ ಕಿವಿ ಅರವತ್ತರ ಹೊತ್ತಿಗೆ ಕೈಕೊಟ್ಟಿತು. ಒಮ್ಮೆಲೇ ಅಲ್ಲ, ಮೊದಲು ಹಕ್ಕಿಗಳು ಹೋದವು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಮೆತ್ತಗೆ ಮಾತಾಡುವ ಜನ. ಯಂತ್ರ ಹಾಕಿಕೊಳ್ಳುವುದಕ್ಕೆ ಒಂದು ನಾಚಿಕೆ, ‘ಏನಂದ್ರಿ?’ ಎಂದು ಮೂರು ಮೂರು ಸಲ ಕೇಳುವುದಕ್ಕೆ ಇನ್ನೊಂದು ನಾಚಿಕೆ. ಈ ಎರಡು ನಾಚಿಕೆಗಳ ನಡುವೆ ನಾನು ಒಂದು ಅಭ್ಯಾಸ ಮಾಡಿಕೊಂಡೆ. ಎದುರಿನವರ ತುಟಿ ನಿಂತಾಗ ನಗುಮುಖದಿಂದ ತಲೆಯಾಡಿಸಿ, ‘ಹಾಂ, ಹಾಂಗೇ ಮಾಡಿ’ ಅನ್ನುವುದು. ನೂರಕ್ಕೆ ತೊಂಬತ್ತು ಸಲ ಇದು ಸಾಗುತ್ತದೆ. ನೀವೂ ಬೇಕಾದರೆ ನೋಡಿ, ಜನರಿಗೆ ಬೇಕಾಗಿರುವುದು ಹೆಚ್ಚಿನ ಸಲ ಅಷ್ಟೇ. ಸಾಗದ ಒಂದು ಸಲ ಧಾರವಾಡದ ನಮ್ಮ ಓಣಿಯ ಗಣಪತಿ ಹಬ್ಬದಲ್ಲಿ ಭಾವಗೀತೆ ಹಾಡುವವರ ಪಟ್ಟಿಯಲ್ಲಿ ನನ್ನ ಹೆಸರು ಬಂದಿತ್ತು. ಹಾಡಿದೆ ಕೂಡ. ಆ ಓಣಿಯವರು ಒಳ್ಳೆಯವರು.

ಈಗ ಭಾನುವಾರಕ್ಕೆ ಬರುತ್ತೇನೆ. ಅದು ನಾಲ್ಕು ದಿನದ ಪ್ರವಾಸದ ಕೊನೆಯ ದಿನ. ಮೊದಲೆರಡು ದಿನ ಶೆಟಗೇರಿಯಲ್ಲಿ ತಮ್ಮನ ಮನೆಯಲ್ಲಿದ್ದೆವು. ಶನಿವಾರ ಅಲ್ಲಿಂದ ಹೊರಟು, ಅಂಕೋಲೆಯ ಪೇಟೆಯಲ್ಲಿ ನಾನು ಒಣ ಸಿಗಡಿ ಕೊಂಡು, ಮಧ್ಯಾಹ್ನ ಕಾರವಾರಕ್ಕೆ ಬಂದು ಒಂದು ಲಾಡ್ಜಿನಲ್ಲಿ ಖೋಲಿ ಹಿಡಿದೆವು. ಖೋಲಿಯಿಂದ ಸಮುದ್ರ ಕಾಣಬೇಕೆನ್ನುವುದು ನಮ್ಮ ಮನೆಯವರ ಬಹಳ ದಿನದ ಆಸೆ. ಕಂಡಿತು, ಎರಡು ಕಟ್ಟಡಗಳ ನಡುವೆ ಒಂದು ಸೀರೆಯ ಅಗಲದಷ್ಟು.

ಟವೆಲು ತಂದುಕೊಟ್ಟವಳು ರೇಣವ್ವ. ನಲವತ್ತರ ಆಸುಪಾಸು, ಹಣೆಯ ಮೇಲೆ ದೊಡ್ಡ ಕುಂಕುಮ, ಸೀರೆಯ ಮೇಲೆ ಗಂಡಸರ ಅಂಗಿ. ಅವಳು ‘ನೀರು ತರಲ್ರೀ?’ ಎಂದದ್ದೇ ತಡ, ನಮ್ಮ ಮನೆಯವರ ಮುಖ ಅರಳಿತು. ಯಾವ ಊರು, ಯಾವಾಗ ಬಂದಿರಿ ಎಂದು ಅಲ್ಲೇ ವಿಚಾರಣೆ ನಡೆಯಿತು. ಕೊಪ್ಪಳದ ಕಡೆಯವಳು, ರಸ್ತೆ ಕೆಲಸಕ್ಕೆಂದು ಗಂಡನ ಜೊತೆ ಬಂದು ಹನ್ನೊಂದು ವರ್ಷವಾಯಿತು, ಮಗಳು ಇಲ್ಲೇ ಪಿಯುಸಿ ಓದುತ್ತಾಳೆ ಎಂದು ಆಮೇಲೆ ಅವರು ನನಗೆ ಜೋರಾಗಿ ವರದಿ ಒಪ್ಪಿಸಿದರು. ಹಾಸಿಗೆಯ ಚಾದರ ಬದಲಿಸಲು ಹೇಳಿ, ಕೀಲಿ ಕೆಳಗೆ ಕೊಟ್ಟು ಸಂಜೆ ಸಮುದ್ರದ ದಂಡೆಗೆ ಹೋದೆವು.

ತಿರುಗಿ ಬಂದಾಗ ಕಿವಿಯ ಯಂತ್ರ ಇರಲಿಲ್ಲ. ಮಂಚದ ಪಕ್ಕದ ಮೇಜಿನ ಮೇಲೆ, ನೀರಿನ ತಂಬಿಗೆಯ ಬಳಿ ಇಟ್ಟಿದ್ದು ನನಗೆ ಚೊಕ್ಕವಾಗಿ ನೆನಪಿತ್ತು. ಚಾದರ ಬದಲಾಗಿತ್ತು, ಮೇಜು ಖಾಲಿ. ಇವರು ಚಹಾ ಕುಡಿಯಲು ಹೊರಗೆ ಹೋಗಿದ್ದರು. ನಾನೊಬ್ಬಳೇ ಕೆಳಗಿಳಿದು ಮ್ಯಾನೇಜರಿಗೆ ಹೇಳಿದೆ. ಕಾರವಾರದ್ದೇ ಹುಡುಗ, ಮನೆಯಲ್ಲಿ ಕೊಂಕಣಿ ಆಡುವವನಿರಬೇಕು, ನನ್ನನ್ನು ‘ಬಾಯೀ’ ಎಂದು ಮರ್ಯಾದೆಯಿಂದ ಮಾತಾಡಿಸುತ್ತಿದ್ದ. ಖೋಲಿಗೆ ಬಂದವಳನ್ನು ಒಮ್ಮೆ ವಿಚಾರಿಸಿ, ಎಲ್ಲಾದರೂ ಕಂಡಿರಬಹುದು ಎಂದೆ. ಅವನು ಮುಖ ಸಣ್ಣ ಮಾಡಿ ಏನೋ ಹೇಳಿದ. ಕೊನೆಯ ಶಬ್ದ ‘ಕೇಳ್ತೆ’, ಅಂದರೆ ಕೇಳುತ್ತೇನೆ, ಎಂದು ನನಗೆ ಕೇಳಿಸಿತು. ನಾನು ನಗುಮುಖದಿಂದ ತಲೆಯಾಡಿಸಿ, ‘ಹಾಂ, ಹಾಂಗೇ ಮಾಡಿ’ ಎಂದು ಮೇಲೆ ಹೋದೆ.

ಮಾರನೆಯ ದಿನ ಬೆಳಿಗ್ಗೆ ಚೀಲ ತುಂಬುವಾಗ ಇವರು ಸಿಗಡಿಯ ಪೊಟ್ಟಣವನ್ನು ಮೂರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಬೇಕೆಂದು ಹಟ ಹಿಡಿದರು. ಬಸ್ಸಿನಲ್ಲಿ ಜನ ಎದ್ದು ಹೋದಾರು ಎಂದು ಅವರ ಹೆದರಿಕೆ. ಬಿಚ್ಚಿ ಸುತ್ತುವಾಗ ಸಿಗಡಿಯ ನಡುವಿನಿಂದ ನನ್ನ ಕರ್ಚೀಪು ಬಂತು, ಕರ್ಚೀಪಿನೊಳಗಿಂದ ಯಂತ್ರ ಬಂತು. ಪೇಟೆಯ ಗದ್ದಲದಲ್ಲಿ ಕಿವಿಯೊಳಗೆ ಪಾತ್ರೆ ಬಿದ್ದ ಹಾಗಾಗುತ್ತದೆಂದು ನಾನೇ ತೆಗೆದು ಕರ್ಚೀಪಿನಲ್ಲಿ ಸುತ್ತಿ, ಚೀಲವೆಂದುಕೊಂಡು ಸಿಗಡಿಯ ಪೊಟ್ಟಣಕ್ಕೆ ಹಾಕಿದ್ದೆ. ಹಾಗಾದರೆ ಆ ಮೇಜು, ಆ ತಂಬಿಗೆ? ಅದು ಶುಕ್ರವಾರ ರಾತ್ರಿಯದು, ತಮ್ಮನ ಮನೆಯದು.

ಸಂತೋಷಕ್ಕೆ ಯಂತ್ರವನ್ನು ಹಾಗೇ ಕಿವಿಗೆ ಸಿಕ್ಕಿಸಿಕೊಂಡು ಕೆಳಗೋಡಿದೆ. ಸಿಕ್ಕಿತು ಮಾರಾಯಾ, ಆ ಕೆಲಸದ ಬಾಯಿಗೆ ಹೇಳಿಬಿಡು ಎಂದೆ. ಅವನು ಪೆನ್ನು ಕೆಳಗಿಟ್ಟ.

“ಅವಳನ್ನ ನಿನ್ನೆನೇ ಕಳಿಸಿದ್ನಲ್ಲ ಬಾಯೀ. ‘ಇಂಥವರನ್ನ ಇಟ್ಕೊಳ್ಳೂದಿಲ್ಲ, ಕಳಿಸ್ತೆ’ ಅಂತ ನಿಮ್ಮ ಹತ್ರ ಹೇಳೇ ಮಾಡಿದ್ದು. ನೀವೇ ‘ಹಾಂಗೇ ಮಾಡಿ’ ಅಂದ್ರಿ.”

ಈ ಸಲ ಪ್ರತಿಯೊಂದು ಅಕ್ಷರವೂ ಕೇಳಿಸಿತು. ಕೇಳ್ತೆ, ಕಳಿಸ್ತೆ. ಗೋವೆಯ ಗರಗರ ಲೈನಿನಲ್ಲೂ ಶಬ್ದ ಬಿಡಿಸಿ ಕೇಳುತ್ತಿದ್ದ ಹುಡುಗಿ ನಾನು.

ಫೋನು ಮಾಡು ಎಂದೆ. ಅವಳ ನಂಬರು ಹತ್ತುವುದಿಲ್ಲ ಎಂದ. ಅವಳು ಇರುವುದೆಲ್ಲಿ ಎಂದು ಕೇಳಿದೆ. ರೈಲ್ವೆ ಸ್ಟೇಶನ್ನಿಗೆ ಹೋಗುವ ರಸ್ತೆಯಲ್ಲಿ, ಕದ್ವಾಡದ ಕಡೆ ತಿರುಗುವ ಮೊದಲು ಶೆಡ್ಡುಗಳ ಸಾಲಿದೆ, ಅಲ್ಲಿ ಎಂದ. ಇವತ್ತಲ್ಲ ನಾಳೆ ಸಿಕ್ಕರೆ ತಾನೇ ಹೇಳುವುದಾಗಿಯೂ ಹೇಳಿದ. ಕೆಟ್ಟವನಲ್ಲ. ಆದರೆ ಆ ‘ನಾಳೆ’ ಎಂಥದೆಂದು ನನಗೆ ಗೊತ್ತಿತ್ತು.

ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ಭತ್ತ ಕುಟ್ಟಲು ಬೀರಮ್ಮ ಎನ್ನುವವಳು ಬರುತ್ತಿದ್ದಳು. ಒಂದು ದಿನ ಹಿತ್ತಾಳೆಯ ಸೌಟು ಕಾಣೆಯಾಯಿತು. ಆಯಿ ಬೈಯಲಿಲ್ಲ, ಬೀರಮ್ಮನ ಮಡಿಲಿನ ಕಡೆ ಒಂದು ಸಲ ನೋಡಿದಳು, ಅಷ್ಟೆ. ಮರುದಿನದಿಂದ ಅವಳು ಬರಲಿಲ್ಲ. ಮಳೆಗಾಲಕ್ಕೆ ಮೊದಲು ಗೊಬ್ಬರದ ಗುಂಡಿ ತೆಗೆದಾಗ ಸೌಟು ಸಿಕ್ಕಿತು. ಪಾತ್ರೆ ತಿಕ್ಕುವ ಬೂದಿಯ ಜೊತೆ ಹೋಗಿತ್ತು. ಹೋಗಿ ಹೇಳಿ ಬರಬೇಕು ಎಂದು ಆಯಿ ಅಂದಳು. ಗದ್ದೆಯ ನೆಟ್ಟಿ ಮುಗಿಯಲಿ ಅಂದಳು, ಚೌತಿ ಆಗಲಿ ಅಂದಳು. ಬೀರಮ್ಮನ ಮನೆ ಹಳ್ಳದ ಆಚೆ, ಹತ್ತು ನಿಮಿಷದ ದಾರಿ. ಆಯಿ ಸಾಯುವವರೆಗೂ ಹೋಗಲಿಲ್ಲ.

ಬಸ್ಸು ಮೂರು ಗಂಟೆಗಿತ್ತು. ಬಸ್‌ಸ್ಟ್ಯಾಂಡಿಗೆ ಒಂದು ತಾಸು ಮೊದಲೇ ಹೋಗಿ ಕೂರುವುದು ನಮ್ಮ ಮನೆಯವರ ವ್ರತ. ಅವರು ಗಡಿಯಾರ ನೋಡಿದರು, ನನ್ನ ಮುಖ ನೋಡಿದರು, ಟಿಕೆಟ್ಟಿನ ಫೈಲು ಕಂಕುಳಲ್ಲಿ ಇಟ್ಟುಕೊಂಡು ರಿಕ್ಷಾ ಕರೆದರು.

ಆ ರಸ್ತೆಯಲ್ಲಿ ನಾನು ಎಷ್ಟೋ ಸಲ ಹೋಗಿದ್ದೇನೆ. ಆ ತಗಡಿನ ಸಾಲು ಯಾವುದೋ ಗುತ್ತಿಗೆದಾರನ ಗೋದಾಮು ಎಂದುಕೊಂಡಿದ್ದೆ. ಗಟಾರಕ್ಕೆ ಅಡ್ಡ ಇಟ್ಟ ಹಲಗೆ ದಾಟಿ ಒಳಗೆ ಹೋದರೆ ನಲವತ್ತೋ ಐವತ್ತೋ ಮನೆಗಳು, ನಡುವೆ ಇಬ್ಬರು ಎದುರಾದರೆ ಒಬ್ಬರು ನಿಲ್ಲಬೇಕಾದಷ್ಟು ದಾರಿ. ಒಂದೇ ನಲ್ಲಿಯ ಮುಂದೆ ಕೊಡಗಳ ಪಾಳಿ. ಗಾಳಿಗೆ ತಗಡು ಹಾರದಂತೆ ಮೇಲೆ ಮೀನಿನ ಹರಕು ಬಲೆ ಹೊದಿಸಿ ತುದಿಗಳಿಗೆ ಚಿರೇಕಲ್ಲು ಕಟ್ಟಿದ್ದರು. ನಾನು ಆರನೇ ಇಯತ್ತೆಗೆ ಬರುವವರೆಗೂ ನಮ್ಮ ಮನೆಗೆ ಹೆಣೆದ ತೆಂಗಿನ ಮಡಲಿನ ಮಾಡೇ ಇದ್ದದ್ದು. ಮಳೆಗಾಲದ ಮೊದಲ ಗಾಳಿಗೆ ಅಪ್ಪ ಮಾಡಿನ ಮೇಲೆ ಕೂತು ಹಗ್ಗ ಬಿಗಿಯುವುದು, ನಾವು ಕೆಳಗಿನಿಂದ ಹಿಡಿದೆಳೆಯುವುದು ನೆನಪಾಯಿತು. ಕಲ್ಲು ಕಟ್ಟಿದ ಗಂಟು ಚೆನ್ನಾಗಿ ಬಿಗಿದಿದೆಯೋ ಎಂದು ಕೈಯಿಂದ ಮುಟ್ಟಿ ನೋಡಿದೆ. ಬಿಗಿದಿತ್ತು.

ಬಣ್ಣದ ಡಬ್ಬಿ ಬೋರಲು ಹಾಕಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಮುದುಕಿಯೊಬ್ಬಳು ನಮ್ಮನ್ನು ನೋಡಿ, ಸರಕಾರದ ಸರ್ವೇಕ್ಕೆ ಬಂದೀರೇನು ಎಂದು ಕೇಳಿದಳು. ಅವಳ ಹೆಸರು ಫಕೀರವ್ವ ಎಂದು ಆಮೇಲೆ ತಿಳಿಯಿತು. ನನ್ನ ಕನ್ನಡಕ, ಇವರ ಕಂಕುಳಿನ ಫೈಲು ಅವಳಿಗೆ ಹಾಗನ್ನಿಸಿರಬೇಕು. ಅಲ್ಲ ಎನ್ನುವಷ್ಟರಲ್ಲಿ ಮೂರ್ನಾಲ್ಕು ಹೆಂಗಸರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾರ್ಡುಗಳನ್ನು ಹಿಡಿದು ಬಂದುಬಿಟ್ಟರು. ಬಾಗಿಲಿನ ತಗಡಿನ ಮೇಲೆ ಮೂರು ಬಣ್ಣದಲ್ಲಿ ಮೂರು ಬೇರೆ ಬೇರೆ ನಂಬರುಗಳಿದ್ದವು. ಮೂರು ಸಲ ಯಾರೋ ಬಂದು ಬರೆದು, ಮತ್ತೆ ಬರುತ್ತೇವೆ ಎಂದು ಹೋಗಿದ್ದರಂತೆ. ಯಾವ ನಂಬರು ಖರೆ ಎಂದು ಒಬ್ಬಳು ನಮ್ಮ ಮನೆಯವರನ್ನು ಕೇಳಿದಳು. ಅವರು ಫೈಲನ್ನು ಬೆನ್ನ ಹಿಂದೆ ಇಟ್ಟುಕೊಂಡರು. ನಾವು ಲಾಡ್ಜಿನ ರೇಣವ್ವನನ್ನು ಹುಡುಕಿ ಬಂದವರು ಎಂದು ಹೇಳಿದಾಗ ಕಾರ್ಡುಗಳು ಒಂದೊಂದಾಗಿ ಮತ್ತೆ ಸೆರಗಿನೊಳಗೆ ಹೋದವು. ಯಾರೂ ಬೇಸರ ಮಾಡಿಕೊಂಡ ಹಾಗೆ ಕಾಣಲಿಲ್ಲ. ಅದೇ ನನಗೆ ಹೆಚ್ಚು ಬೇಸರ ತಂದಿತು.

ಎಲ್ಲೋ ಒಳಗೆ ಜೋಳದ ರೊಟ್ಟಿ ಬಡಿಯುವ ಸದ್ದು. ನಾಲ್ಕು ದಿನದಿಂದ ಅನ್ನ ಉಂಡು ಸೊರಗಿದ್ದ ನಮ್ಮವರು ಆ ಸದ್ದಿನ ಕಡೆಗೇ ತಿರುಗಿ ನಡೆದರು. ರೇಣವ್ವನ ಮನೆಯೂ ಅದೇ ದಿಕ್ಕಿಗಿತ್ತು.

ಅವಳು ಬಾಗಿಲ ಮುಂದಿನ ಕಲ್ಲಿನ ಮೇಲೆ ಬಟ್ಟೆ ತಿಕ್ಕುತ್ತಿದ್ದಳು. ಹೊಸ್ತಿಲ ಮೇಲೆ ಮಗಳು ಪುಸ್ತಕ ಹಿಡಿದು ಕೂತಿದ್ದಳು. ನನಗೆ ಅವಳು ಕಂಡದ್ದೇ ದೊಡ್ಡ ಸಮಾಧಾನವಾಗಿ, ಹತ್ತು ಹೆಜ್ಜೆ ಈಚೆಯಿಂದಲೇ ಶುರುಮಾಡಿದೆ. ನೀನು ಕದ್ದದ್ದಲ್ಲ ರೇಣವ್ವಾ, ನನ್ನ ಸಾಮಾನು ನನ್ನ ಚೀಲದಲ್ಲೇ ಸಿಕ್ಕಿತು, ನಿನ್ನನ್ನು ಕೆಲಸದಿಂದ ತೆಗೆದದ್ದು ತಪ್ಪಾಯ್ತು ಎಂದೆ.

ಕಿವುಡರ ದನಿ ಎಷ್ಟು ದೊಡ್ಡದು ಎನ್ನುವುದು ಕಿವುಡರಿಗೆ ಮಾತ್ರ ಗೊತ್ತಿರುವುದಿಲ್ಲ. ರೊಟ್ಟಿಯ ಸದ್ದು ನಿಂತಿತು. ಪಾಳಿಯಲ್ಲಿದ್ದವರು ಕೊಡ ಬಿಟ್ಟು ಇತ್ತ ತಿರುಗಿದರು. ಮಗಳು ಪುಸ್ತಕ ಮುಚ್ಚಿದಳು.

“ಅವ್ವಾ, ಎರಡ ದಿನ ರಜಾ ಕೊಟ್ಟಾರ ಅಂದಿದ್ದಿಯಲ್ಲ.”

ರೇಣವ್ವ ಕೈಯಲ್ಲಿದ್ದ ಲಂಗವನ್ನು ಹಿಂಡಿದಳು, ಝಾಡಿಸಿ ಹಗ್ಗಕ್ಕೆ ಹಾಕಿದಳು, ಕೈ ಒರೆಸಿಕೊಂಡಳು. ಆಮೇಲೆ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು. “ನಿಮ್ಮದು ನಿಮಗ ಸಿಕ್ತಲ್ರೀ, ಛಲೋ ಆತು. ನಾ ಇಲ್ಲಿ ಯಾರ ಮುಂದೂ ಹೇಳಿದ್ದಿಲ್ಲ.”

ಯಾಕೆ ಹೇಳಿರಲಿಲ್ಲ ಎನ್ನುವುದನ್ನು ಅವಳೇ ಬಿಡಿಸಿ ಹೇಳಿದಳು. ಈ ಸಾಲಿನ ಇಪ್ಪತ್ತು ಹೆಂಗಸರು ಊರೊಳಗಿನ ಮನೆಗಳಲ್ಲಿ, ಅಂಗಡಿಗಳಲ್ಲಿ ಕಸಮುಸುರೆ ಮಾಡುತ್ತಾರೆ. ಇಲ್ಲಿಯವಳೊಬ್ಬಳು ಕಳ್ಳಿ ಎಂದು ಮಾತು ಹೊರಟರೆ ನಾಳೆ ಎಲ್ಲರ ಚೀಲವನ್ನೂ ಬಾಗಿಲಲ್ಲಿ ಬಿಚ್ಚಿಸಿ ನೋಡುತ್ತಾರೆ. ಅದಕ್ಕೇ ಒಳಗೇ ನುಂಗಿಕೊಂಡು ಬೇರೆ ಕಡೆ ಕೆಲಸ ಹುಡುಕಬೇಕೆಂದಿದ್ದಳು. ಮಗಳಿಗಂತೂ ಯಾವತ್ತೂ ಗೊತ್ತಾಗಬಾರದು ಎಂದಿತ್ತು.

ನಿನ್ನೆ ಕೇಳದೆ ಕೆಡಿಸಿದ್ದೆ, ಇವತ್ತು ಕೂಗಿ ಕೆಡಿಸಿದ್ದೆ. ಕ್ಷಮಿಸು ಎಂದೆ. ಈಗಲೂ ಜೋರಾಗಿಯೇ ಬಂದಿರಬೇಕು, ಇವರು ನನ್ನ ಮೊಣಕೈ ಹಿಡಿದರು.

ರೇಣವ್ವ ನಲ್ಲಿಯ ಕಡೆಗೆ ಕೈ ಮಾಡಿದಳು. “ಅರ್ಧಾ ಎಲ್ಲಾರೂ ಕೇಳ್ಯಾರ. ಇನ್ನರ್ಧಾನೂ ಅಷ್ಟ ಜೋರಲೆ ಹೇಳಿಬಿಡ್ರಿ,” ಎಂದಳು.

ಅವಳೇ ಮುಂದೆ ನಡೆದಳು. ನಲ್ಲಿಯ ಹತ್ತಿರ ನನ್ನನ್ನು ನಿಲ್ಲಿಸಿದಳು. ಗಣಪತಿ ಹಬ್ಬದ ವೇದಿಕೆ ಹತ್ತಿದವಳ ಹಾಗೆ ಸೆರಗು ಸರಿಮಾಡಿಕೊಂಡೆ. ಎಲ್ಲ ಹೇಳಿದೆ. ಪೇಟೆಯಲ್ಲಿ ಯಂತ್ರ ತೆಗೆದದ್ದು, ತಮ್ಮನ ಮನೆಯ ಮೇಜನ್ನು ಲಾಡ್ಜಿನ ಮೇಜೆಂದು ತಿಳಿದದ್ದು, ಮ್ಯಾನೇಜರು ಏನೆಂದ ಎಂದು ತಿಳಿಯದೇ ತಲೆಯಾಡಿಸಿದ್ದು, ಸಿಗಡಿಯೊಳಗಿಂದ ಯಂತ್ರ ಎದ್ದು ಬಂದದ್ದು. ಸಿಗಡಿಯ ಮಾತಿಗೆ ಮೊದಲು ಒಬ್ಬಳು ಸೆರಗು ಬಾಯಿಗಿಟ್ಟುಕೊಂಡಳು, ಆಮೇಲೆ ಇಡೀ ಪಾಳಿಯೇ ನಕ್ಕಿತು. ಭಾವಗೀತೆಯ ಕಥೆಯನ್ನೂ ಸೇರಿಸಿದೆ. ನನ್ನನ್ನು ನೋಡಿ ಜನ ನಕ್ಕದ್ದಕ್ಕೆ ಅಷ್ಟು ಹಗುರಾದದ್ದು ಅದೇ ಮೊದಲು. ಮಗಳು ಮಾತ್ರ ನಗಲಿಲ್ಲ.

“ಅಂದರ, ಅವರು ಏನಂದ್ರು ಅಂತ ಗೊತ್ತಿಲ್ಲದನ ನೀವು ಹೂಂ ಅಂದ್ರಿ?” ಎಂದಳು.

ಹೌದು ಎಂದೆ. ಅವಳು ನನ್ನನ್ನು ನೋಡುತ್ತಲೇ ಇದ್ದಳು.

ಚಹಾ ಕುಡಿಯದೇ ಹೋಗಬಾರದೆಂದರು. ರೊಟ್ಟಿಯ ಮನೆಯವಳು ನಮ್ಮ ಮನೆಯವರ ಕಣ್ಣು ನೋಡಿ ಒಂದು ರೊಟ್ಟಿ, ಹಿಂಡಿ ಚಟ್ನಿ ಕೂಡ ತಂದುಕೊಟ್ಟಳು. ಅವರು ಗಡಿಯಾರವನ್ನೇ ಮರೆತರು. ಫಕೀರವ್ವ ಬಂದು ಯಂತ್ರ ತೋರಿಸು ಎಂದಳು. ಅವಳಿಗೂ ಕಿವಿ ಮಂದವಂತೆ. ತೆಗೆದು ಒರೆಸಿ ಅವಳ ಕಿವಿಗೆ ಇಟ್ಟೆ. ಅವಳು ಕಣ್ಣು ಮುಚ್ಚಿ ಅಲುಗಾಡದೇ ಕೂತಳು. ಸ್ವಲ್ಪ ಹೊತ್ತಾದ ಮೇಲೆ, ಕಾಗೆಗಳು ಇಷ್ಟು ಒದರುತ್ತಾವೇನು ಎಂದು ಆಶ್ಚರ್ಯಪಟ್ಟಳು. ನೀರು ಸುರುವಿದ ರೇಣವ್ವನ ಕಡೆ ಸದ್ದು ಕೇಳಿ ತಿರುಗಿದಳು. ಮೊಮ್ಮಗಳ ಹೆಸರು ಹಿಡಿದು ಯಾರೋ ಕೂಗಿದ್ದಕ್ಕೆ ನಕ್ಕಳು. ಆಮೇಲೆ ತಾನೇ ಬಿಚ್ಚಿ ನನ್ನ ಅಂಗೈಯಲ್ಲಿ ಇಟ್ಟಳು. ಅದನ್ನು ಅವಳಿಗೇ ಕೊಟ್ಟು ಬಂದೆ ಎಂದು ಬರೆಯಲು ಆಸೆಯಾಗುತ್ತದೆ. ಕೊಡಲಿಲ್ಲ. ಕಿವಿಗೆ ಹಾಕಿಕೊಂಡೆ.

ಎದ್ದಾಗ ರೇಣವ್ವ ನಮ್ಮ ಜೊತೆ ಹೊರಟಳು. ಇಲ್ಲಿ ಹೇಳಿದ ಹಾಗೆಯೇ ಅಲ್ಲಿಯೂ ಹೇಳಬೇಕು, ಮ್ಯಾನೇಜರೊಬ್ಬನ ಮುಂದೆ ಅಲ್ಲ, ತನ್ನ ಜೊತೆ ಕೆಲಸ ಮಾಡುವ ಇಬ್ಬರ ಮುಂದೆಯೂ ಎಂದಳು. ಒಪ್ಪಿದೆ. ಒಪ್ಪುವ ಮೊದಲು ಅವಳ ಮಾತನ್ನು ಇನ್ನೊಮ್ಮೆ ಹೇಳಿಸಿ ಕೇಳಿಕೊಂಡೆ.

ಲಾಡ್ಜಿನಲ್ಲಿ ಆ ಇಬ್ಬರು ಹೆಂಗಸರನ್ನು ಕರೆಸಲು ಮ್ಯಾನೇಜರು ಸ್ವಲ್ಪ ಹಿಂದೆಮುಂದೆ ನೋಡಿದ. ಬಾಯೀ, ಅದೆಲ್ಲ ಎಂತಕೆ, ನಾಳೆಯಿಂದ ಬಂದರಾಯಿತು ಎಂದ. ರೇಣವ್ವ ಮೆಟ್ಟಿಲ ಬಳಿ ನಿಂತಳು. ನಾನು ಗಿರಾಕಿಯ ಗತ್ತಿನಿಂದ ಕುರ್ಚಿ ಎಳೆದು ಕೂತೆ. ಇವರು ಪಕ್ಕದಲ್ಲಿ ಫೈಲು ಹಿಡಿದು ನಿಂತರು. ಕೊನೆಗೆ ಕರೆಸಿದ. ನಾನು ಇಡೀ ಕಥೆಯನ್ನು ಎರಡನೇ ಸಲ ಹೇಳಿದೆ. ತಾನೂ ಒಂದು ಮಾತು ಅವಳನ್ನು ಕೇಳಬೇಕಿತ್ತು ಎಂದು ಅವನೂ ಒಪ್ಪಿದ, ಆ ಇಬ್ಬರಿಗೂ ಕೇಳಿಸುವ ಹಾಗೆ. ನಾಳೆಯಿಂದ ಬಾ ಎಂದು ಮತ್ತೆ ಹೇಳಿದ.

ನಾಳೆ ಯಾಕೆ, ಇವರ ಖೋಲಿ ಇನ್ನೂ ಗುಡಿಸಿಲ್ಲವಲ್ಲ ಎಂದು ರೇಣವ್ವ ಪೊರಕೆ ತೆಗೆದುಕೊಂಡಳು.

ನಮ್ಮ ಚೀಲಗಳು ಮೇಲೆಯೇ ಇದ್ದವು. ಅವಳು ನಮ್ಮ ಹಿಂದೆ ಮೆಟ್ಟಿಲು ಹತ್ತಿ ಬಂದಳು. ಬಾಗಿಲು ತೆರೆದು, ಒಳಗೆ ಬಾ ಎಂದೆ. ಅವಳು ಬರಲಿಲ್ಲ.

“ಮೊದಲ ನಿಮ್ಮದೆಲ್ಲಾ ನೋಡಿಕೊಳ್ರಿ. ನಾ ಇಲ್ಲೇ ನಿಂತಿರತೀನಿ.”

ಎಲ್ಲ ತುಂಬಿ ಆಗಿದೆ, ಏನೂ ಉಳಿದಿಲ್ಲ ಎಂದೆ. ದಿಂಬಿನ ಕೆಳಗೆ ನೋಡಿರಿ ಎಂದಳು. ನೋಡಿದೆ. ಮೇಜಿನ ಖಾನೆ ಎಂದಳು. ಇವರು ಎಳೆದು ತೋರಿಸಿದರು. ಬಚ್ಚಲಿನ ಗೂಡು, ಬಾಗಿಲ ಹಿಂದಿನ ಗೂಟ, ಕಿಟಕಿಯ ಕಟ್ಟೆ. ಸಿಟ್ಟಿನಿಂದಲ್ಲ, ಚುಚ್ಚುವುದಕ್ಕೂ ಅಲ್ಲ. ಮನೆಯಿಂದ ಹೊರಡುವವರಿಗೆ ದೊಡ್ಡವರು ನೆನಪಿಸುವ ಹಾಗೆ ಒಂದೊಂದಾಗಿ ಹೇಳುತ್ತ ಹೋದಳು. ಎರಡೂ ಕೈ ಪೊರಕೆಯ ಹಿಡಿಯ ಮೇಲಿದ್ದವು. ಕಾಲುಗಳು ಹೊಸ್ತಿಲಿನ ಆಚೆಗೇ ಇದ್ದವು. ಕೊನೆಗೆ ಮಂಚದ ಕೆಳಗೆ ಎಂದಳು. ನಾನು ಮೊಣಕಾಲೂರಿ, ತಲೆ ನೆಲಕ್ಕೆ ತಾಗಿಸಿ ನೋಡಿದೆ. ಬರೀ ಧೂಳಿತ್ತು.

“ಆತೇನ್ರೀ?” ಎಂದು ಕೇಳಿದಳು.

ಆಯಿತು ಎಂದೆ. ಚೀಲ ಎತ್ತಿಕೊಂಡು ಇಬ್ಬರೂ ಹೊರಗೆ ಬಂದೆವು. ಆಮೇಲೆಯೇ ಅವಳು ಒಳಗೆ ಹೋದದ್ದು. ಗಾಳಿಗೆ ಬಾಗಿಲು ಮುಚ್ಚಿಕೊಳ್ಳದ ಹಾಗೆ ನೀರಿನ ಬಕೆಟ್ಟನ್ನು ಅದಕ್ಕೆ ಆನಿಸಿಟ್ಟು, ಪೂರ್ತಿ ತೆರೆದ ಬಾಗಿಲಿನಿಂದ ನಮಗೆ ಕಾಣುವ ಹಾಗೆ ನಿಂತು, ಗುಡಿಸಲು ಶುರುಮಾಡಿದಳು.